ಆಯಿಯ ಅನ್ನನಾಳದ ಗಡ್ಡೆ: ಎದೆ ಕೊಯ್ಯದೆ ಎಂಡೋಸ್ಕೋಪಿಯಲ್ಲೇ ತೆಗೆಯಬಹುದು ಅಂತಾರೆ. ಮಾಡಿಸಿದವರು ಇದ್ದೀರಾ?

ಶಿರಸಿ ಮಗಳು

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಓದುತ್ತಾ ಬಂದಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, 63 ವರ್ಷ. ಶಿರಸಿ ಹತ್ತಿರ ಹಳ್ಳಿ, ಅಡಿಕೆ ತೋಟ. ಮದುವೆಯಾಗಿ ಬಂದಾಗಿನಿಂದ ಕವಳ ಹಾಕುತ್ತಾರೆ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚೂರು ಹೊಗೆಸೊಪ್ಪು. ಕಳೆದ ಮಳೆಗಾಲದಲ್ಲಿ ತೋಟಕ್ಕೆ ಇಳಿದು ಹತ್ತಿದರೆ ಏದುಸಿರು ಬರುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಲು ಒಂದು ಕಡೆ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು) ಮಾಡಿದರು. ಒಳಗೆ ಕರೆದುಕೊಂಡು ಹೋದವರು ನಾನು ಚಪ್ಪಲಿ ಬಿಟ್ಟು ಕೂರುವಷ್ಟರಲ್ಲಿ ಹೊರಗೆ ಕಳಿಸಿದರು. "ಸ್ವಲ್ಪ ಗ್ಯಾಸ್ಟ್ರಿಕ್" ಅಂದರು. ಆರು ತಿಂಗಳು ಮಾತ್ರೆ ತಗೊಂಡಿದ್ದಾಯಿತು, ಹಿಮೋಗ್ಲೋಬಿನ್ ಮಾತ್ರ ಏರಲಿಲ್ಲ.

ಆಮೇಲೆ ಬೆಂಗಳೂರಿಗೆ ಕರೆಸಿಕೊಂಡೆ. ಇಲ್ಲಿನ ಡಾಕ್ಟರ್ ನಿಧಾನವಾಗಿ ನೋಡಿದರು. ಮೊದಲು ಬಿಳಿ ಬೆಳಕು, ಆಮೇಲೆ ನೀಲಿ-ಹಸಿರು ಬೆಳಕು, ಕೊನೆಗೆ ಅಯೋಡಿನ್ ಸಿಂಪಡಿಸಿದರು. ಆ ಫೋಟೋ ನನಗೆ ತೋರಿಸಿದರು. ನಾಳದ ಒಳಗೆಲ್ಲ ಬೆಲ್ಲದ ಪಾಕದ ಬಣ್ಣ. ಮಧ್ಯದಲ್ಲಿ ಒಂದು ತೇಪೆ ಮಾತ್ರ ಬಣ್ಣವನ್ನೇ ಹಿಡಿಯದೆ ತೆಳು ಹಳದಿಯಾಗಿ ಉಳಿದಿತ್ತು. ಬಿಳಿ ಬೆಳಕಿನ ಫೋಟೋದಲ್ಲಿ ಅದೇ ಜಾಗ ನೋಡಿದರೆ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದ ಬಯಾಪ್ಸಿ ರಿಪೋರ್ಟ್ ಬಂತು. ಸ್ಕ್ವಾಮಸ್ ಸೆಲ್ ಕ್ಯಾನ್ಸರ್ (ನಾಳದ ಒಳಪದರದ ಕೋಶದಲ್ಲಿ ಹುಟ್ಟುವುದು), ತೀರಾ ಆರಂಭದ ಹಂತ. ಹಲ್ಲಿನಿಂದ 29 ಸೆಂ.ಮೀ. ಕೆಳಗೆ, ಉದ್ದ ಸುಮಾರು 3 ಸೆಂ.ಮೀ., ನಾಳದ ಸುತ್ತಳತೆಯ ಅರ್ಧಕ್ಕಿಂತ ಜಾಸ್ತಿ ಹಬ್ಬಿದೆ. ಸಿಟಿ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಇಲ್ಲ. ಇಎಸ್‌ಡಿ ಅನ್ನುವ ವಿಧಾನದಲ್ಲಿ ಬಾಯಿಯ ಮೂಲಕವೇ ಸ್ಕೋಪ್ ಹಾಕಿ ತೆಗೆಯಬಹುದು ಅಂತಾರೆ.

ಮನೆಯಲ್ಲಿ ಎರಡು ಮಾತು. ದೊಡ್ಡಪ್ಪ "ಕ್ಯಾನ್ಸರ್ ಅಂದ ಮೇಲೆ ಪೂರ್ತಿ ಆಪರೇಷನ್ ಮಾಡಿಸಿ, ಅರ್ಧಂಬರ್ಧ ಬೇಡ" ಅಂತಾರೆ. ಆಯಿ "ಎಂತ ತೊಂದ್ರೆನೂ ಇಲ್ಲೆ ಕೂಸೇ, ನುಂಗಲೆ ಬರ್ತು, ಮನೆಗೆ ಹೋಪ" ಅಂತಾರೆ. ನಾನು ಮಧ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಮಾಡಿಸಿದವರು, ಮಾಡುವವರು ಯಾರಾದರೂ ಇದ್ದರೆ ಹೇಳಿ.

ದಾವಣಗೆರೆಯವ

ಅಕ್ಕಾ, ತಡ ಮಾಡಬೇಡಿ. ನಮ್ಮ ಅಪ್ಪನದು ಹೇಳ್ತೀನಿ.

ಅಪ್ಪಗೆ ಮೊದಲು ಒಣ ರೊಟ್ಟಿ ಸಿಕ್ಕಿಕೊಳ್ಳೋಕೆ ಶುರುವಾಯ್ತು. ಒಂದು ತುತ್ತಿಗೆ ಒಂದು ಗುಟುಕು ನೀರು ಕುಡಿಯೋರು. ವಯಸ್ಸಾಯ್ತಲ್ಲ, ಹಲ್ಲಿಲ್ಲ, ಸರಿಯಾಗಿ ಅಗಿಯಲ್ಲ ಅಂದ್ಕೊಂಡ್ವಿ. ಅಮ್ಮ ರೊಟ್ಟಿ ಬಿಟ್ಟು ಮುದ್ದೆ ಮಾಡಿದರು. ಎರಡು ತಿಂಗಳಿಗೆ ಮುದ್ದೆನೂ ಇಳಿಯಲಿಲ್ಲ. ಗಂಜಿಗೆ ಬಂದ್ವಿ. ಗಂಜಿನೂ ವಾಪಸ್ ಬಂದಾಗ ಆಸ್ಪತ್ರೆಗೆ ಹೋದ್ವಿ. ನಾಲ್ಕು ತಿಂಗಳು ನಾವು ಊಟ ಮೆತ್ತಗೆ ಮಾಡುತ್ತಾ ಹೋದ್ವಿ, ಒಳಗೆ ಗಡ್ಡೆ ಬೆಳೀತಾ ಹೋಯ್ತು. ಸ್ಕೋಪ್ ಆ ಜಾಗ ದಾಟಲೇ ಇಲ್ಲ.

ಲಿವರ್‌ಗೂ ಹೋಗಿತ್ತು. ಆಪರೇಷನ್ ಆಗಲ್ಲ ಅಂದರು. ಎಂಡೋಸ್ಕೋಪಿಯಲ್ಲೇ ಒಂದು ಸ್ಟೆಂಟ್ ಹಾಕಿದರು. ಲೋಹದ ಬಲೆಯ ಕೊಳವೆ, ಒಳಗೆ ಬಿಟ್ಟ ಮೇಲೆ ತಾನೇ ಅರಳಿಕೊಳ್ಳುತ್ತೆ. ಮೂರನೇ ದಿನ ಅಪ್ಪ ಮೊಸರನ್ನ ತಿಂದರು. ಆಮೇಲೆ ಐದು ತಿಂಗಳು ಇದ್ದರು. ಆ ಐದು ತಿಂಗಳು ಹಸಿದುಕೊಂಡು ಇರಲಿಲ್ಲ ಅನ್ನೋದೊಂದೇ ನಮಗೆ ಸಮಾಧಾನ.

ನಿಮ್ಮ ತಾಯಿಗೆ ನುಂಗೋಕೆ ತೊಂದರೆಯೇ ಇಲ್ಲ ಅಂತೀರಲ್ಲ, ಅದೇ ದೊಡ್ಡ ಪುಣ್ಯ.

ಗ್ಯಾಸ್ಟ್ರೋ ಡಾಕ್ಟರ್

ಶಿರಸಿ ಮಗಳು ಅವರೇ, ನಾನು ಇದೇ ವಿಭಾಗದಲ್ಲಿ ಕೆಲಸ ಮಾಡುವವನು. ನಿಮ್ಮ ತಾಯಿಯನ್ನು ನೋಡದೆ ಇಲ್ಲಿಂದ ಸಲಹೆ ಕೊಡುವುದಿಲ್ಲ. ಆದರೆ ವಿಷಯ ಹೇಗೆ ಅಂತ ಹೇಳಬಲ್ಲೆ.

ದಾವಣಗೆರೆಯವರು ಹೇಳಿದ್ದರಿಂದಲೇ ಶುರು ಮಾಡುತ್ತೇನೆ. ಅನ್ನನಾಳ ಹಿಗ್ಗುವ ಕೊಳವೆ. ಗಡ್ಡೆ ಬೆಳೆದು ದಾರಿ ಸಾಕಷ್ಟು ಕಿರಿದಾಗುವವರೆಗೂ ಅದು ಹೇಗೋ ಅನ್ನ ದಾಟಿಸಿಬಿಡುತ್ತದೆ. ಹಾಗಾಗಿ ರೊಟ್ಟಿ ಸಿಕ್ಕಿಕೊಂಡಿತು ಅಂತ ಬರುವವರಲ್ಲಿ ಜಾಸ್ತಿ ಜನರಿಗೆ ಆಗಲೇ ಕಾಯಿಲೆ ಮುಂದುವರಿದಿರುತ್ತದೆ. ಆರಂಭದಲ್ಲಿ ಸಿಗುವುದು ಹೆಚ್ಚಾಗಿ ಬೇರೆ ಯಾವುದೋ ಕಾರಣಕ್ಕೆ ಎಂಡೋಸ್ಕೋಪಿ ಮಾಡಿದಾಗ. ನಿಮ್ಮ ತಾಯಿಗೆ ಆಗಿದ್ದೂ ಅದೇ.

ಅಯೋಡಿನ್ ಫೋಟೋ ಬಗ್ಗೆ ಬರೆದಿದ್ದೀರಿ, ಚೆನ್ನಾಗಿ ಗಮನಿಸಿದ್ದೀರಿ. ಅನ್ನನಾಳದ ಆರೋಗ್ಯವಂತ ಜೀವಕೋಶಗಳಲ್ಲಿ ಗ್ಲೈಕೋಜನ್ ಅನ್ನುವ ಪಿಷ್ಟದಂಥ ವಸ್ತು ಇರುತ್ತದೆ. ಅಯೋಡಿನ್ ಬಿದ್ದ ತಕ್ಷಣ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾನ್ಸರ್ ಕೋಶದಲ್ಲಿ ಗ್ಲೈಕೋಜನ್ ಇರುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ಒಂದೆರಡು ನಿಮಿಷ ಕಾದರೆ ಆ ಹಳದಿ ತೇಪೆ ನಸುಗುಲಾಬಿಗೆ ತಿರುಗುತ್ತದೆ, ಆಗ ಅನುಮಾನ ಗಟ್ಟಿಯಾಗುತ್ತದೆ. ನೀಲಿ-ಹಸಿರು ಬೆಳಕಿಗೆ ಎನ್‌ಬಿಐ ಅಂತಾರೆ. ಅದರಲ್ಲಿ ಮೇಲ್ಪದರದ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ದೊಡ್ಡದು ಮಾಡಿ ನೋಡಿದರೆ ಆ ನಾಳಗಳು ಕುಣಿಕೆ ಕುಣಿಕೆಯಾಗಿ ಇವೆಯಾ, ಉದ್ದಕ್ಕೆ ಎಳೆದುಕೊಂಡಿವೆಯಾ ಅನ್ನುವುದರ ಮೇಲೆ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಅಂತ ಅಂದಾಜು ಮಾಡುತ್ತೇವೆ.

ಆಳ. ಎಲ್ಲ ತೀರ್ಮಾನ ಆಗುವುದು ಅದರ ಮೇಲೆ. ಅನ್ನನಾಳದ ಗೋಡೆ ಒಟ್ಟು ಕೆಲವೇ ಮಿಲಿಮೀಟರ್ ದಪ್ಪ, ಅದರಲ್ಲೇ ಬಾಳೆ ದಿಂಡಿನ ಹಾಗೆ ಪದರ ಪದರ. ಒಳಗಡೆ ಲೋಳೆಪದರ, ಅದರ ಕೆಳಗೆ ಸಡಿಲವಾದ ಇನ್ನೊಂದು ಪದರ, ಆಮೇಲೆ ಸ್ನಾಯು. ಗಡ್ಡೆ ಲೋಳೆಪದರದ ಮೇಲ್ಭಾಗದಲ್ಲೇ ಇದ್ದರೆ ಅದು ಲಿಂಫ್ ಗಂಟುಗಳಿಗೆ (ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವ ಸಣ್ಣ ಗ್ರಂಥಿಗಳು) ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಲೋಳೆಪದರದ ತಳ ಮುಟ್ಟಿದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೋಗಿರಬಹುದು. ಕೆಳಗಿನ ಸಡಿಲ ಪದರದೊಳಗೆ ಆಳಕ್ಕೆ ಇಳಿದರೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ಸ್ಕೋಪ್‌ನಿಂದ ತೆಗೆಯುವುದು ಗಡ್ಡೆಯನ್ನು, ಗಂಟುಗಳನ್ನಲ್ಲ. ಅದಕ್ಕೇ ಆಳ ಕಡಿಮೆ ಇರುವವರಿಗೆ ಮಾತ್ರ ಇದು ಪೂರ್ತಿ ಚಿಕಿತ್ಸೆ.

ಇನ್ನು ಇಎಸ್‌ಡಿ ಹೇಗೆ ಮಾಡುತ್ತಾರೆ ಅಂತ. ಮೊದಲು ಗಡ್ಡೆಯ ಅಂಚಿನಿಂದ ಸ್ವಲ್ಪ ಆಚೆ ಸುತ್ತಲೂ ಚುಕ್ಕೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಸಣ್ಣ ಸೂಜಿಯಿಂದ ಲೋಳೆಪದರದ ಕೆಳಗೆ ದ್ರವ ಬಿಡುತ್ತಾರೆ. ಕೈ ಸುಟ್ಟಾಗ ಚರ್ಮದಡಿ ನೀರು ತುಂಬಿ ಬೊಬ್ಬೆ ಏಳುತ್ತದಲ್ಲ, ಹಾಗೆ ಗಡ್ಡೆ ಇರುವ ಪದರ ಮೇಲೆದ್ದು ಸ್ನಾಯುವಿನಿಂದ ದೂರವಾಗುತ್ತದೆ. ದ್ರವಕ್ಕೆ ನೀಲಿ ಬಣ್ಣ ಸೇರಿಸಿರುತ್ತಾರೆ, ನೀಲಿ ಕಂಡಲ್ಲಿ ಕೊಯ್ಯಬಹುದು ಅಂತ ಗುರುತು. ಸುತ್ತ ಗೆರೆ ಕೊಯ್ದು, ಆ ನೀಲಿ ಪದರದೊಳಗೆ ನುಸುಳಿ, ಒಂದೆರಡು ಮಿಲಿಮೀಟರ್ ತುದಿಯ ವಿದ್ಯುತ್ ಚಾಕುವಿನಿಂದ ಎಳೆ ಎಳೆ ಬಿಡಿಸುತ್ತಾ ಹೋಗುತ್ತಾರೆ. ಕೊನೆಗೆ ಗಡ್ಡೆ ಒಂದೇ ತುಂಡಾಗಿ ಬರುತ್ತದೆ.

ಒಂದೇ ತುಂಡು ಅನ್ನುವುದಕ್ಕೆ ಯಾಕೆ ಅಷ್ಟು ಒತ್ತು ಅಂದರೆ, ಮೊದಲಿಂದ ಇರುವ ಇಎಂಆರ್ ವಿಧಾನದಲ್ಲಿ ಹೀರಿಕೊಂಡು ಕುಣಿಕೆ ಹಾಕಿ ಕತ್ತರಿಸುತ್ತೇವೆ. ಸಣ್ಣ ಗಡ್ಡೆಗೆ ಅದು ಚೆನ್ನಾಗಿದೆ. ದೊಡ್ಡದಾದರೆ ನಾಲ್ಕೈದು ತುಂಡಾಗಿ ಬರುತ್ತದೆ. ಆಗ ಅಂಚು ಎಲ್ಲಿ, ಆಳ ಎಷ್ಟು ಅಂತ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪೆಥಾಲಜಿಯವರು ಖಚಿತವಾಗಿ ಹೇಳಲು ಕಷ್ಟ, ಮತ್ತೆ ಬೆಳೆಯುವ ಸಾಧ್ಯತೆಯೂ ಜಾಸ್ತಿ.

ನಿಮ್ಮ ದೊಡ್ಡಪ್ಪನಿಗೆ ಹೀಗೆ ಹೇಳಿ: ಇದು ಅರ್ಧ ಆಪರೇಷನ್ ಅಲ್ಲ. ತೆಗೆದ ತುಂಡಿನ ರಿಪೋರ್ಟ್ ಬಂದ ಮೇಲೆ ಆಳ ಜಾಸ್ತಿ ಅಂತ ಗೊತ್ತಾದರೆ ದೊಡ್ಡ ಆಪರೇಷನ್ ಅಥವಾ ಕೀಮೋ-ರೇಡಿಯೇಷನ್ ದಾರಿ ಆಗಲೂ ತೆರೆದೇ ಇರುತ್ತದೆ. ಅನ್ನನಾಳವನ್ನೇ ತೆಗೆದ ಮೇಲೆ ವಾಪಸ್ ಹಾಕಲು ಬರುವುದಿಲ್ಲ.

ಮಲ್ನಾಡ್ ಹುಡುಗ

ಡಾಕ್ಟ್ರೇ, ನಮ್ಮೂರಲ್ಲಿ ಎಲ್ಲರೂ ಹೇಳೋದು ಬಯಾಪ್ಸಿ ಮಾಡಿಸಿದರೆ, ಗಡ್ಡೆಗೆ ಕತ್ತರಿ ತಾಗಿಸಿದರೆ ಅದು ಹರಡುತ್ತೆ ಅಂತ. ನಮ್ಮ ಚಿಕ್ಕಮ್ಮ ಇದೇ ಹೆದರಿಕೆಗೆ ಆಸ್ಪತ್ರೆ ಬಿಟ್ಟು ನಾಟಿ ಔಷಧಿಗೆ ಹೋದರು.

ಗ್ಯಾಸ್ಟ್ರೋ ಡಾಕ್ಟರ್

ಅನ್ನನಾಳದಿಂದ ಎಂಡೋಸ್ಕೋಪಿಯಲ್ಲಿ ಒಂದೆರಡು ಚೂರು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ. ಆ ಹೆದರಿಕೆ ಬಂದಿರುವುದು ಹೇಗೆ ಅಂದರೆ, ನಮ್ಮಲ್ಲಿ ಬಯಾಪ್ಸಿಗೆ ಬರುವವರೇ ತಡವಾಗಿ ಬರುತ್ತಾರೆ. ಬಯಾಪ್ಸಿ ಆದ ಮೂರು ತಿಂಗಳಿಗೆ ತೀರಿಕೊಂಡರೆ ಬಯಾಪ್ಸಿಯ ಮೇಲೆ ತಪ್ಪು ಬೀಳುತ್ತದೆ. ನಿಮ್ಮ ಚಿಕ್ಕಮ್ಮನನ್ನು ಇನ್ನೊಮ್ಮೆ ಕರೆದುಕೊಂಡು ಬನ್ನಿ. ಬೈಯುವವರು ಯಾರೂ ಇಲ್ಲ.

ಯೊಕೊಹಾಮಾ ಕನ್ನಡಿಗ

ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಎಸ್‌ಡಿ ಹುಟ್ಟಿದ್ದೇ ಜಪಾನಿನಲ್ಲಿ, 1990ರ ದಶಕದ ಕೊನೆಗೆ. ಇಲ್ಲಿ ಹೊಟ್ಟೆಯ ಕ್ಯಾನ್ಸರ್ ತುಂಬ ಜಾಸ್ತಿ ಇತ್ತು, ಹಾಗಾಗಿ ಮೊದಲು ಹೊಟ್ಟೆಗೆ ಶುರು ಮಾಡಿದರು. ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರು ಚಾಕುವಿನ ತುದಿಗೆ ಸೆರಾಮಿಕ್ ಗುಂಡು ಕೂರಿಸಿದರು, ತುದಿ ಸ್ನಾಯುವಿಗೆ ಚುಚ್ಚಿ ತೂತಾಗದಿರಲಿ ಅಂತ. ಇಲ್ಲಿನ ಸರ್ಕಾರಿ ವಿಮೆ ಹೊಟ್ಟೆಯ ಇಎಸ್‌ಡಿಗೆ 2006ರಲ್ಲಿ, ಅನ್ನನಾಳಕ್ಕೆ 2008ರಲ್ಲಿ ಸಿಕ್ಕಿತು.

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ "ನಿಂಗೆನ್ ಡೊಕ್ಕು" ಅಂತ ಪೂರ್ತಿ ದೇಹದ ತಪಾಸಣೆಗೆ ಹೋಗುತ್ತೇವೆ. ನಾನು ಎಂಡೋಸ್ಕೋಪಿಯನ್ನೂ ಅದರಲ್ಲೇ ಮಾಡಿಸಿಕೊಳ್ಳುತ್ತೇನೆ. ಡಾಕ್ಟರ್ ಪರದೆ ತೋರಿಸುತ್ತಾ ಮಾತಾಡುತ್ತಾ ಮಾಡುತ್ತಾರೆ. ಸ್ಕೋಪ್ ಹೊರಗೆ ತೆಗೆಯುವಾಗ ಅನ್ನನಾಳವನ್ನು ಮತ್ತೆ ಕೆಳಗಿಂದ ಮೇಲಕ್ಕೆ ನೋಡುತ್ತಾರೆ. ಪ್ರತಿ ಸಲ ಕೇಳುವ ಮೊದಲ ಪ್ರಶ್ನೆ: "ಬಿಯರ್ ಕುಡಿದರೆ ಮುಖ ಕೆಂಪಾಗುತ್ತಾ?" ಹಾಗಾಗುವವರಿಗೆ ಮದ್ಯ ಅರಗಿಸುವ ಕಿಣ್ವ ಕಡಿಮೆ ಇರುತ್ತದೆ, ಅವರು ಕುಡಿದರೆ ಅನ್ನನಾಳದ ಕ್ಯಾನ್ಸರ್ ಅಪಾಯ ತುಂಬ ಜಾಸ್ತಿ. ಇಲ್ಲಿನ ಜನರಲ್ಲಿ ಹೀಗೆ ಮುಖ ಕೆಂಪಾಗುವುದು ಬಹಳ ಸಾಮಾನ್ಯ.

ನಮ್ಮ ಊರಲ್ಲಿ ಇದೇ ಪ್ರಶ್ನೆಯನ್ನು ಕವಳ, ಗುಟ್ಕಾ, ಬೀಡಿ ಬಗ್ಗೆ ಕೇಳಬೇಕು. ಇಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನಿಗೆ ಎರಡು ವರ್ಷದ ಹಿಂದೆ ಅನ್ನನಾಳದ ಇಎಸ್‌ಡಿ ಆಯಿತು. ವಾರದಲ್ಲಿ ಮನೆಗೆ ಬಂದರು. ಈಗ ದಿನಾ ಬೆಳಿಗ್ಗೆ ರೇಡಿಯೋ ಹಾಕಿಕೊಂಡು ವ್ಯಾಯಾಮ ಮಾಡುತ್ತಾರೆ.

ಮೈಸೂರು ಹಿರಿಯ

ತಂಗಿ, ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನನಗೆ ಅನ್ನನಾಳ ಪೂರ್ತಿ ತೆಗೆದಿದ್ದಾರೆ. ಮೊದಲು ಐದು ವಾರ ಕೀಮೋ ಮತ್ತು ರೇಡಿಯೇಷನ್, ಆಮೇಲೆ ಆಪರೇಷನ್. ಎದೆಯಲ್ಲಿ ಸಣ್ಣ ತೂತು ಹಾಕಿ ಕ್ಯಾಮೆರಾ ಮೂಲಕ ಬಿಡಿಸಿದರು. ಹೊಟ್ಟೆಯನ್ನು (ಜಠರವನ್ನು) ಕೊಳವೆಯ ಹಾಗೆ ಹೊಲಿದು ಕತ್ತಿನವರೆಗೆ ಎಳೆದು ಸೇರಿಸಿದ್ದಾರೆ.

ಆರು ವರ್ಷ ಆಯಿತು, ಬದುಕಿದ್ದೇನೆ, ಮೊಮ್ಮಗಳ ಮದುವೆ ನೋಡಿದೆ. ಹಾಗಾಗಿ ಆಪರೇಷನ್ ಅಂದರೆ ಹೆದರಿ ಓಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಆಳಕ್ಕೆ ಇಳಿದವರಿಗೆ ಅದೇ ಬೇಕು.

ಆದರೆ ಬೆಲೆ ಏನು ಅಂತಲೂ ಗೊತ್ತಿರಲಿ. ಒಂದು ಸಲಕ್ಕೆ ಒಂದು ಸಣ್ಣ ಬಟ್ಟಲು ಊಟ, ದಿನಕ್ಕೆ ಆರು ಸಲ. ಸಿಹಿ ತಿಂದರೆ ತಲೆ ಸುತ್ತಿ ಬೆವರು ಬರುತ್ತದೆ. ರಾತ್ರಿ ಚಪ್ಪಟೆ ಮಲಗಲು ಆಗುವುದಿಲ್ಲ, ಮಂಚದ ತಲೆಕಡೆ ಎರಡು ಇಟ್ಟಿಗೆ ಇಟ್ಟಿದ್ದೇವೆ. ಮೊದಲ ವರ್ಷ 16 ಕೆ.ಜಿ. ಇಳಿದೆ. ನಿಮ್ಮ ತಾಯಿಗೆ ಇದಿಲ್ಲದೆ ಆಗುತ್ತದೆ ಅಂತ ತಿಳಿದ ವೈದ್ಯರು ಹೇಳಿದರೆ, ಅವರ ಮಾತು ಕೇಳಿ.

ತುಮಕೂರು ಟೀಚರ್

ಗಡ್ಡೆ ಅಂದರೆಲ್ಲ ಕ್ಯಾನ್ಸರ್ ಅಲ್ಲ ಅಂತಲೂ ಯಾರಾದರೂ ಹೇಳಬೇಕಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಸಿಕ್ಕಿದ್ದು ಲಿಯೋಮಯೋಮ. ಅನ್ನನಾಳದ ಸ್ನಾಯುವಿನಲ್ಲಿ ಬೆಳೆಯುವ ಸಾಧು ಗಡ್ಡೆ. ಅಲ್ಟ್ರಾಸೌಂಡ್ ಇರುವ ಸ್ಕೋಪ್ ಹಾಕಿ ಯಾವ ಪದರದಿಂದ ಬಂದಿದೆ ಅಂತ ನೋಡಿದರು. ಮೇಲಿನ ಲೋಳೆಪದರ ನುಣ್ಣಗೆ ಸರಿಯಾಗಿಯೇ ಇತ್ತು.

ಸಣ್ಣದಿದ್ದು ತೊಂದರೆ ಇಲ್ಲದಿದ್ದರೆ ಸುಮ್ನೆ ನೋಡಿಕೊಂಡಿರಬಹುದಂತೆ. ನನ್ನದು ಬೆಳೆಯುತ್ತಿತ್ತು, ಅನ್ನ ಇಳಿಯುವಾಗ ಎದೆಯಲ್ಲಿ ಒತ್ತಿದ ಹಾಗಾಗುತ್ತಿತ್ತು. ಸುರಂಗ ಮಾಡಿ ತೆಗೆದರು. ಗಡ್ಡೆಗಿಂತ ಸುಮಾರು 5 ಸೆಂ.ಮೀ. ಮೇಲೆ ಲೋಳೆಪದರದಲ್ಲಿ ಸಣ್ಣ ಬಾಗಿಲು ಕೊಯ್ದು, ಪದರದ ಕೆಳಗೇ ಸ್ಕೋಪ್ ನುಗ್ಗಿಸಿ, ಗಡ್ಡೆ ಬಿಡಿಸಿ, ಅದೇ ದಾರಿಯಲ್ಲಿ ಹೊರತಂದು, ಬಾಗಿಲಿಗೆ ಕ್ಲಿಪ್ ಹಾಕಿದರು. ಗಡ್ಡೆ ಇದ್ದ ಜಾಗದ ಮೇಲೆ ಪದರ ಹಾಗೇ ಮುಚ್ಚಿರುತ್ತದೆ. ಇದನ್ನು ಮೊದಲು ಮಾಡಿದ್ದು ಚೀನಾದ ಶಾಂಘೈ ವೈದ್ಯರು ಅಂತ ನಮ್ಮ ಡಾಕ್ಟರ್ ಹೇಳಿದರು. ನಾಲ್ಕನೇ ದಿನ ಮನೆಗೆ ಬಂದೆ, ಮೂರನೇ ವಾರ ಶಾಲೆಗೆ ಹೋದೆ.

ಗ್ಯಾಸ್ಟ್ರೋ ಡಾಕ್ಟರ್

ಟೀಚರ್ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಲಿಯೋಮಯೋಮ ಅಂತ ಅನುಮಾನ ಇದ್ದಾಗ ಸುಮ್ನೆ ಮೇಲಿಂದ ಚಿವುಟಿ ಬಯಾಪ್ಸಿ ತೆಗೆಯುವುದು ಬೇಡ. ಗಡ್ಡೆ ಕೆಳಗಿರುತ್ತದೆ, ಸಿಗುವುದಿಲ್ಲ. ಗಾಯ ಒಣಗಿ ಪದರಗಳು ಅಂಟಿಕೊಂಡರೆ ಆಮೇಲೆ ಸುರಂಗ ಮಾಡಲು ಕಷ್ಟ.

ಸ್ಕೋಪ್ ಸಿಸ್ಟರ್

ನಾನು ಎಂಡೋಸ್ಕೋಪಿ ರೂಮಿನಲ್ಲಿ ನರ್ಸ್. ಶಿರಸಿ ಅಕ್ಕಾ, ಆ ದಿನ ಏನಾಗುತ್ತೆ ಅಂತ ಹೇಳ್ತೀನಿ, ಅಮ್ಮನಿಗೆ ಓದಿ ಹೇಳಿ.

ಹಿಂದಿನ ರಾತ್ರಿಯಿಂದ ಊಟ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾ ಇದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಹೇಳಿ. ಪೂರ್ತಿ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಹಾಕ್ತಾರೆ, ಅಮ್ಮನಿಗೆ ಏನೂ ಗೊತ್ತಾಗಲ್ಲ. ಒಳಗೆ ಗಾಳಿ ಬದಲು ಕಾರ್ಬನ್ ಡೈಆಕ್ಸೈಡ್ ಬಿಡ್ತೀವಿ, ಅದು ಮೈಗೆ ಬೇಗ ಹೀರಿಕೊಳ್ಳುತ್ತೆ, ಹೊಟ್ಟೆ ಉಬ್ಬರಿಸಲ್ಲ. ಒಂದು ಗಂಟೆಗೂ ಮುಗಿಯಬಹುದು, ಮೂರು ಗಂಟೆಯೂ ಆಗಬಹುದು. ಹೊರಗೆ ಕಾಯುವವರು ಗಡಿಯಾರ ನೋಡಿ ಹೆದರಬೇಡಿ. ನಿಧಾನ ಆದರೆ ಕೆಟ್ಟದಾಗಿದೆ ಅಂತಲ್ಲ, ಅದು ನಿಧಾನವಾಗಿಯೇ ಮಾಡುವ ಕೆಲಸ.

ಅಪಾಯ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಕ್ತಸ್ರಾವ ಆಗಬಹುದು, ನೂರರಲ್ಲಿ ಕೆಲವರಿಗೆ ಗೋಡೆ ತೂತಾಗಬಹುದು. ಜಾಸ್ತಿ ಸಲ ಅಲ್ಲೇ ಕ್ಲಿಪ್ ಹಾಕಿ ಮುಚ್ಚುತ್ತಾರೆ. ಹಾಗಾಗಿ ಇದನ್ನು ಆಗಾಗ ಮಾಡುವ ಕಡೆಯೇ ಮಾಡಿಸಿ. "ನೀವು ಅನ್ನನಾಳದ್ದು ಎಷ್ಟು ಮಾಡಿದ್ದೀರಿ, ತೊಂದರೆಯಾದರೆ ಸರ್ಜನ್ ಇಲ್ಲೇ ಇದ್ದಾರಾ" ಅಂತ ಧೈರ್ಯವಾಗಿ ಕೇಳಿ. ಒಳ್ಳೆ ಡಾಕ್ಟರ್ ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ.

ಹಾವೇರಿ ರೈತ

ಖರ್ಚಿನ ಬಗ್ಗೆ ಯಾರೂ ಬರೆದಿಲ್ಲ. ನಮ್ಮಂಥವರಿಗೆ ಇದು ಎಟಕುತ್ತಾ?

ಸ್ಕೋಪ್ ಸಿಸ್ಟರ್

ಅಣ್ಣಾ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಂದು ಕೌಂಟರ್ ಇರುತ್ತೆ. ದುಡ್ಡು ಕಟ್ಟುವ ಮೊದಲು ಅಲ್ಲಿ ಹೋಗಿ, ಡಾಕ್ಟರ್ ಬರೆದ ಚಿಕಿತ್ಸೆಯ ಹೆಸರು ತೋರಿಸಿ, ಯಾವ ಪ್ಯಾಕೇಜಿನಲ್ಲಿ ಬರುತ್ತೆ ಕೇಳಿ. ದಾಖಲಾಗಿ ಬಿಲ್ ಆದ ಮೇಲೆ ಕೇಳಿದರೆ ಕಷ್ಟ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ, ಅಲ್ಲೂ ವಿಚಾರಿಸಿ.

ಶಿರಸಿ ಮಗಳು

ನಿಮ್ಮೆಲ್ಲರ ಮಾತು ದೊಡ್ಡಪ್ಪನಿಗೆ ಓದಿ ಹೇಳಿದೆ. ಮೈಸೂರಿನ ಹಿರಿಯರು ಬರೆದಿದ್ದನ್ನು ಎರಡು ಸಲ ಓದಿಸಿಕೊಂಡರು. "ಆಗಲಿ, ಸ್ಕೋಪಿನದ್ದೇ ಮಾಡಿಸು" ಅಂದರು. ಮಂಗಳವಾರ ಮಾಡಿದರು.

ಎರಡೂವರೆ ಗಂಟೆ. ಮುಗಿದ ಮೇಲೆ ಡಾಕ್ಟರ್ ಕರೆದು ತೋರಿಸಿದರು. ಒಂದು ಕಾರ್ಕ್ ಹಲಗೆ, ಅದರ ಮೇಲೆ ಆಯಿಯ ಗಡ್ಡೆ ಇದ್ದ ಪದರವನ್ನು ಸುತ್ತಲೂ ಸಣ್ಣ ಸಣ್ಣ ಪಿನ್ ಚುಚ್ಚಿ ಹರಡಿದ್ದರು. ಒಣಗಲು ಹಾಕಿದ ಹಪ್ಪಳದಷ್ಟು ತೆಳು. ಪಿನ್ ಹಾಕದಿದ್ದರೆ ಸುರುಟಿಕೊಂಡು ಅಂಚು ಗೊತ್ತಾಗುವುದಿಲ್ಲವಂತೆ. ಬಾಯಿ ಕಡೆ ಯಾವುದು, ಹೊಟ್ಟೆ ಕಡೆ ಯಾವುದು ಅಂತ ಬರೆದಿದ್ದರು. ಹಾಗೇ ಫಾರ್ಮಲಿನ್‌ಗೆ ಹಾಕಿ ಪೆಥಾಲಜಿಗೆ ಕಳಿಸಿದರು, ಅಲ್ಲಿ ಎರಡೆರಡು ಮಿಲಿಮೀಟರಿಗೆ ಕೊಯ್ದು ನೋಡುತ್ತಾರಂತೆ. ಒಬ್ಬರ ಪ್ರಾಣ ಇಷ್ಟು ತೆಳುವಾದ ಹಾಳೆಯ ಮೇಲೆ ನಿಂತಿರುತ್ತೆ ಅಂತ ಅವತ್ತು ಕಣ್ಣಾರೆ ಕಂಡೆ.

ಆಯಿಗೆ ಎದೆಯಲ್ಲಿ ಸ್ವಲ್ಪ ನೋವು, ಒಂದು ದಿನ ಜ್ವರ. ಎರಡನೇ ದಿನ ನೀರು, ಆಮೇಲೆ ಗಂಜಿ ತಿಳಿ. ಗಾಯ ಸುತ್ತಳತೆಯ ಮುಕ್ಕಾಲು ಭಾಗ ಇದೆಯಂತೆ. ಅಷ್ಟು ದೊಡ್ಡದಾದರೆ ಒಣಗುವಾಗ ನಾಳ ಕುಗ್ಗಿ ಕಿರಿದಾಗುತ್ತದೆ ಅಂತ ಅಲ್ಲೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರೆ.

ಶಿರಸಿ ಮಗಳು

ರಿಪೋರ್ಟ್ ಬಂತು. ಅಂಚುಗಳೆಲ್ಲ ಶುದ್ಧ, ಕೆಳಗೂ ಶುದ್ಧ. ರಕ್ತನಾಳ, ಲಿಂಫ್ ನಾಳಕ್ಕೆ ಹೊಕ್ಕಿಲ್ಲ. ಆದರೆ ಒಂದು ಕಡೆ ಲೋಳೆಪದರದ ತಳ ಮುಟ್ಟಿದೆ ಅಂತ ಬರೆದಿದ್ದಾರೆ. ಡಾಕ್ಟರ್ ಸರ್, ನೀವು ಹತ್ತರಲ್ಲಿ ಒಬ್ಬರು ಅಂದಿದ್ದಿರಲ್ಲ, ಅದು ಇದೇ ಅಲ್ವಾ? ರಾತ್ರಿ ನಿದ್ದೆ ಬರಲಿಲ್ಲ.

ಗ್ಯಾಸ್ಟ್ರೋ ಡಾಕ್ಟರ್

ಹೌದು, ಆ ಆಳವೇ. ಆದರೆ ಹತ್ತರಲ್ಲಿ ಒಬ್ಬರು ಅನ್ನುವುದು ಆ ಆಳದ ಎಲ್ಲರನ್ನೂ ಸೇರಿಸಿ ಹೇಳಿದ ಲೆಕ್ಕ. ನಾಳಗಳಿಗೆ ಹೊಕ್ಕಿಲ್ಲ, ಅಂಚು ಶುದ್ಧ ಅಂದಾಗ ಅಪಾಯ ಅದಕ್ಕಿಂತ ಕಡಿಮೆ. ನಾಳಗಳಿಗೆ ಹೊಕ್ಕಿದ್ದರೆ ಅಥವಾ ಇನ್ನೂ ಕೆಳಗೆ ಇಳಿದಿದ್ದರೆ ಕೀಮೋ-ರೇಡಿಯೇಷನ್ ಸೇರಿಸುತ್ತಾರೆ. ಜಪಾನಿನಲ್ಲಿ ಹೀಗೆ ಮೊದಲು ಸ್ಕೋಪ್‌ನಿಂದ ತೆಗೆದು, ಬೇಕಾದವರಿಗೆ ಮಾತ್ರ ಕೀಮೋ-ರೇಡಿಯೇಷನ್ ಕೊಟ್ಟ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೂರು ವರ್ಷದ ನಂತರ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಬದುಕಿದ್ದರು, ಹೆಚ್ಚಿನವರು ಅನ್ನನಾಳವನ್ನು ಉಳಿಸಿಕೊಂಡೇ.

ನಿಮ್ಮ ಆಸ್ಪತ್ರೆಯಲ್ಲಿ ಸರ್ಜನ್, ರೇಡಿಯೇಷನ್, ಗ್ಯಾಸ್ಟ್ರೋ ಎಲ್ಲರೂ ಕೂತು ಚರ್ಚೆ ಮಾಡುವ ಸಭೆ ಇರುತ್ತದೆ. ಅಲ್ಲಿ ಇಡಲು ಹೇಳಿ. ಒಬ್ಬರೇ ತೀರ್ಮಾನ ಮಾಡುವ ವಿಷಯ ಅಲ್ಲ ಇದು.

ಶಿರಸಿ ಮಗಳು

ಸಭೆಯಲ್ಲಿ ಇಟ್ಟರು. ಸದ್ಯಕ್ಕೆ ಬೇರೆ ಚಿಕಿತ್ಸೆ ಬೇಡ, ಕಟ್ಟುನಿಟ್ಟಾಗಿ ನೋಡಿಕೊಳ್ಳೋಣ ಅಂತ ತೀರ್ಮಾನ. ಮೂರು ತಿಂಗಳಿಗೆ ಎಂಡೋಸ್ಕೋಪಿ, ಆರು ತಿಂಗಳಿಗೆ ಸಿಟಿ. ಬಾಯಿ, ಗಂಟಲನ್ನು ಇಎನ್‌ಟಿ ಡಾಕ್ಟರ್ ಹತ್ತಿರ ತೋರಿಸಿಯೂ ಆಯಿತು. ಕವಳ ತಾಗಿದ ದಾರಿಯಲ್ಲೆಲ್ಲ ಇನ್ನೊಂದು ಹುಟ್ಟುವ ಸಾಧ್ಯತೆ ಇರುತ್ತದಂತೆ.

ಮಲ್ನಾಡ್ ಹುಡುಗ

ಅಕ್ಕಾ, ಬೇಜಾರು ಮಾಡ್ಕೊಬೇಡಿ, ಅಡಿಕೆಯಿಂದಲೇ ಬಂತು ಅಂತೀರಾ? ನಮ್ಮ ಮನೆಯದೂ ಅದೇ ಅನ್ನ.

ಶಿರಸಿ ಮಗಳು

ಬೇಜಾರು ಯಾಕೆ ತಮ್ಮಾ. ನಾನು ಓದಿದ್ದು, ನನ್ನ ಮದುವೆ ಆಗಿದ್ದು, ಈಗ ಆಯಿಯ ಆಸ್ಪತ್ರೆ ಬಿಲ್ ಕಟ್ಟಿದ್ದು, ಎಲ್ಲ ಅಡಿಕೆ ದುಡ್ಡಲ್ಲೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತು ಅಂತ 2004ರಲ್ಲೇ ಹೇಳಿದೆ. ಹೊಗೆಸೊಪ್ಪು ಸೇರಿದರೆ ಇನ್ನೂ ಜಾಸ್ತಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯುವ ಅಭ್ಯಾಸವನ್ನೂ 2016ರಲ್ಲಿ ಅನುಮಾನದ ಪಟ್ಟಿಗೆ ಸೇರಿಸಿದ್ದಾರೆ. ಆಯಿ ಒಲೆಯಿಂದ ಇಳಿಸಿದ ಕಷಾಯ ಊದದೆ ಕುಡಿಯುವವರು. ಯಾವುದರಿಂದ ಬಂತು ಅಂತ ಒಂದನ್ನೇ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮಾರುವುದನ್ನು ನಾವು ಇವತ್ತೇ ಬಿಡಲು ಆಗುವುದಿಲ್ಲ, ಬಾಯಿಗೆ ಹಾಕುವುದನ್ನು ಇವತ್ತೇ ಬಿಡಬಹುದು. ಆಯಿ ಬಿಟ್ಟಿದ್ದಾರೆ. ಊಟ ಆದ ಮೇಲೆ ಕೈ ತಾನಾಗಿಯೇ ಸಂಚಿ ಹುಡುಕುತ್ತದೆ, ಆಗ ಒಂದು ಏಲಕ್ಕಿ ಕೊಡುತ್ತೇನೆ.

ಶಿರಸಿ ಮಗಳು

ಇನ್ನೊಂದು ಸುದ್ದಿ ಹೇಳಲೇಬೇಕು, ಇಲ್ಲದಿದ್ದರೆ ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳುತ್ತೀರಿ.

24ನೇ ದಿನ ಬೆಳಿಗ್ಗೆ ತೆಳ್ಳೇವು (ತೆಳು ದೋಸೆ) ಮಾಡಿದ್ದೆ. ಆಯಿ ಹಾಲಲ್ಲಿ ಅದ್ದಿ ತಿನ್ನುತ್ತಿದ್ದರು. ಎರಡನೇ ತುತ್ತಿಗೆ ಕೈ ನಿಂತಿತು. ಎದೆ ಮಧ್ಯದಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದರು, ಮಾತಾಡಲಿಲ್ಲ. ನನಗೆ ದಾವಣಗೆರೆಯವರು ಬರೆದ ರೊಟ್ಟಿಯೇ ನೆನಪಾಗಿ ಕಾಲು ನಡುಗಿತು. ಅವತ್ತೇ ಹೋದೆವು. ಗಡ್ಡೆ ಅಲ್ಲ, ಗಾಯ ಒಣಗುತ್ತಾ ನಾಳ ಕುಗ್ಗಿತ್ತು. ಬಲೂನ್ ಹಾಕಿ ಹಿಗ್ಗಿಸಿದರು. ಹತ್ತು ದಿನಕ್ಕೆ ಇನ್ನೊಮ್ಮೆ, ಆಮೇಲೆ ಮೂರನೇ ಸಲ. ಈಗ ಸರಿಯಿದೆ. ಇಎಸ್‌ಡಿ ಮಾಡಿಸಿದವರ ಮನೆಯವರು ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಸಿಕ್ಕಿಕೊಂಡರೆ ಗಂಜಿಗೆ ಇಳಿದು ಕಾಯಬೇಡಿ, ಫೋನ್ ಮಾಡಿ ಹೋಗಿ.

ದಾವಣಗೆರೆಯವ

ಓದಿ ಮೈ ಜುಮ್ ಅಂತು ಅಕ್ಕಾ. ಒಳ್ಳೇದಾಯ್ತು.

ಹಾವೇರಿ ರೈತ

ನಮ್ಮ ತಂದೆಗೆ 58. ಬೀಡಿ 30 ವರ್ಷ, ಕುಡಿತವೂ ಇದೆ. ನುಂಗೋಕೆ ಏನೂ ತೊಂದರೆ ಇಲ್ಲ. ಹದಿನೈದು ದಿನದಿಂದ ಬಿಸಿ ಚಹಾ ಕುಡಿದರೆ ಎದೆ ಮಧ್ಯೆ ಚುರ್ ಅನ್ನುತ್ತೆ ಅಂತಾರೆ ಅಷ್ಟೇ. ಇದಕ್ಕೆಲ್ಲ ಎಂಡೋಸ್ಕೋಪಿ ಮಾಡಿಸಬೇಕಾ?

ಗ್ಯಾಸ್ಟ್ರೋ ಡಾಕ್ಟರ್

ಆ ವಯಸ್ಸು, ಆ ಅಭ್ಯಾಸ, ಆ ಚುರ್. ಮಾಡಿಸಿ.

ಶಿರಸಿ ಮಗಳು

ಅಣ್ಣಾ, ಮಾಡಿಸುವಾಗ ಬೀಡಿ, ಕುಡಿತ ಎರಡನ್ನೂ ಮುಚ್ಚಿಡದೆ ಹೇಳಿ. "ಅನ್ನನಾಳವನ್ನು ಎನ್‌ಬಿಐಯಲ್ಲೂ ನೋಡ್ತೀರಾ, ಬೇಕಾದರೆ ಅಯೋಡಿನ್ ಹಾಕ್ತೀರಾ" ಅಂತ ಮೊದಲೇ ಕೇಳಿ. ಅಯೋಡಿನ್ ಅಲರ್ಜಿ, ಥೈರಾಯ್ಡ್ ಇದ್ದರೆ ಹೇಳಿ. ಆಮೇಲೆ ಎದೆ ಸ್ವಲ್ಪ ಉರಿಯುತ್ತದೆ, ಅದಕ್ಕೆ ಅವರೇ ಔಷಧಿ ಸಿಂಪಡಿಸುತ್ತಾರೆ. ಫೋಟೋ ಇರುವ ರಿಪೋರ್ಟ್ ಕೇಳಿ ಇಸ್ಕೊಳ್ಳಿ. ಹೆಸರು ಅಳಿಸಿ ಇಲ್ಲಿ ಹಾಕಿದರೆ ಡಾಕ್ಟರ್ ಸರ್ ನೋಡುತ್ತಾರೆ. ಯಾವತ್ತು ಹೋಗ್ತೀರಿ ಅಂತ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಹಾವೇರಿ ರೈತ

ಸೋಮವಾರ ಕರ್ಕೊಂಡು ಹೋಗ್ತೀನಿ ಅಕ್ಕಾ.